ಹೊಟ್ಟೆಯ ನಡುವಿನ ನಾಳ

"ಎಡಕ್ಕೆ ತಿರುಗಿಸಿ, ಎಡಕ್ಕೆ! ಬಾಗಿಲಿಗೆ ತಾಗುತ್ತೆ!"

ಮಂಚದ ಕಾಲ ಕಡೆ ಹಿಡಿದಿದ್ದ ಡಾಕ್ಟರು ಎಡಕ್ಕೆ ತಿರುಗಿದರು. ಮೂವತ್ತೆಂಟು ವರ್ಷ ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದವನ ದೇಹವನ್ನು ಒಳಕೋಣೆಯಿಂದ ತಂದು ಹಜಾರದಲ್ಲಿ ಇಳಿಸಿದರು. ಹನ್ನೊಂದಕ್ಕೆ ವ್ಯಾನು ಬರುವುದಿತ್ತು.

"ನಿಮಗ್ಯಾಕೆ ಸಾರ್ ಈ ಕೆಲಸ?" ಎಂದ ಕಾಲೇಜಿನ ಮುದಿ ಜವಾನ. "ಅಷ್ಟು ದೊಡ್ಡ ಸರ್ಜನ್ ನೀವು."

"ನಾವಿಬ್ರೂ ಒಂದೇ ಕ್ಲಾಸು."

ಡಾಕ್ಟರು ಅಷ್ಟಕ್ಕೇ ನಿಲ್ಲಿಸಿದರು. ಹೇಳಲು ಬಂದದ್ದು ಬೇರೆಯೇ ಇತ್ತು. ಅವನು ಬದುಕಿದ್ದಾಗ ಹೇಳಲಾಗದ್ದನ್ನು ಸತ್ತ ಮೇಲೆ ಹೇಳಹೊರಟ ತಮ್ಮ ಶೌರ್ಯಕ್ಕೆ ಅವರಿಗೇ ನಾಚಿಕೆಯಾಗಿತ್ತು.

ಜವಾನ ಸುಮ್ಮನಿರುವ ಪೈಕಿಯಲ್ಲ. "ಹೊಸ ಬ್ಯಾಚು ಬಂದ್ರೆ ಕಪ್ಪೆ ತೂಗಿದ ಹಾಗೇ ಅಲ್ವಾ? ಒಬ್ಬನ್ನ ಕೂರಿಸಿದ್ರೆ ಇನ್ನೊಬ್ಬ ಎಗರ್ತಾನೆ. ಇವನೊಬ್ಬನ ಮಾತು ಕೇಳ್ತಿದ್ರು. ಕಪ್ಪೆ ಹೊಟ್ಟೇಲಿ ಎಲ್ಲಿ ಏನಿದೆ ಅಂತ ಪ್ರೊಫೆಸರಿಗಿಂತ ಚೆನ್ನಾಗಿ ಹೇಳೋನು. ಆದ್ರೆ ಕತ್ತರಿ ಮಾತ್ರ ಮುಟ್ಟಿದವನಲ್ಲ."

"ಯಾಕೆ?"

"ಯಾರಿಗ್ಗೊತ್ತು ಸಾರ್."

*

ಅದು ಮೆಡಿಕಲ್ ಸೀಟು ಯಾರಿಗೆಂದು ನಿರ್ಧರಿಸುವ ಪ್ರಾಕ್ಟಿಕಲ್ ಪರೀಕ್ಷೆ. ಡಾಕ್ಟರು ಆಗಿನ್ನೂ ಡಾಕ್ಟರಲ್ಲ, ಬೆವರುತ್ತಿದ್ದ ವಿದ್ಯಾರ್ಥಿ. ಮೇಣದ ಟ್ರೇಯಲ್ಲಿ ಅಂಗಾತ ಮಲಗಿಸಿ ಪಿನ್ನು ಚುಚ್ಚಿದ ಕಪ್ಪೆ. ಅದರ ಹೊಟ್ಟೆಯ ಸ್ನಾಯುವಿನ ನಟ್ಟನಡುವೆ ಒಂದು ರಕ್ತನಾಳ ಓಡುತ್ತದೆ. ಕತ್ತರಿ ಅದರ ಪಕ್ಕದಲ್ಲಿ ಹೋಗಬೇಕು. ನಡುವೆ ಹೋಯಿತೋ, ಟ್ರೇ ತುಂಬ ರಕ್ತ, ಮುಗಿಯಿತು ಕತೆ. ಡಾಕ್ಟರ ಕತ್ತರಿ ನಡುವೆಯೇ ಹೋಯಿತು.

ಪಕ್ಕದ ಮೇಜಿನ ಗೆಳೆಯನ ಟ್ರೇಯಲ್ಲಿ ಒಂದು ಹನಿ ರಕ್ತವಿಲ್ಲ. ಮೂರೇ ಕೋಣೆಯ ಆ ಪುಟ್ಟ ಹೃದಯ ಇನ್ನೂ ಬಡಿಯುತ್ತಿತ್ತು. ಅವನು ಕೈ ತೊಳೆಯಲು ನಲ್ಲಿಯ ಕಡೆ ಹೋದ. ಪರೀಕ್ಷಕರು ಬೆನ್ನು ತಿರುಗಿಸಿದ್ದರು. ಎರಡು ಟ್ರೇ ಅದಲುಬದಲಾಗಲು ಎಷ್ಟು ಹೊತ್ತು ಬೇಕು?

ಹಿಂತಿರುಗಿದವನು ರಕ್ತ ನೋಡಿ ನಿಂತ. ಈಗ ಕೂಗುತ್ತಾನೆ, ಕಾಲರ್ ಹಿಡಿಯುತ್ತಾನೆ ಎಂದು ಡಾಕ್ಟರು ಕಾದರು. ಅವನು ತುಟಿ ಪಿಟಕ್ಕೆನ್ನಲಿಲ್ಲ. ಫೇಲಾದ. ಇನ್ನೊಮ್ಮೆ ಕಟ್ಟು ಎಂದು ಎಲ್ಲರೂ ಹೇಳಿದರೂ ಕಟ್ಟಲಿಲ್ಲ. ಅದೇ ಲ್ಯಾಬಿಗೆ ಅಟೆಂಡರ್ ಆಗಿ ಸೇರಿಕೊಂಡ. ಗೊತ್ತಿದ್ದೂ ಬಿಟ್ಟುಕೊಟ್ಟ, ದೊಡ್ಡ ಮನಸ್ಸು ಎಂದು ಡಾಕ್ಟರು ಇಷ್ಟು ವರ್ಷ ಅಂದುಕೊಂಡಿದ್ದರು. ಹಾಗೆ ಅಂದುಕೊಂಡರೆ ನಿದ್ದೆ ಬರುತ್ತಿತ್ತು.

*

ಸತ್ತವನ ಮಗಳು ಒಂದು ಲೋಟ ನೀರು ತಂದು ಕೊಟ್ಟಳು.

"ಅಪ್ಪ ನಿಮ್ಮನ್ನ ತುಂಬ ಹೊಗಳೋರು ಅಂಕಲ್. ಪರೀಕ್ಷೇಲಿ ನಿಮ್ಮಷ್ಟು ಚೆನ್ನಾಗಿ ಯಾರೂ ಕೊಯ್ದಿರಲಿಲ್ವಂತೆ."

"ಮತ್ತೆ ಅವನು?"

"ಅಪ್ಪ ನಾಳಕ್ಕೇ ಕತ್ತರಿ ಹಾಕಿಬಿಟ್ರಂತಲ್ಲ! 'ನನಗೆ ಗೊತ್ತೇ ಆಗಲಿಲ್ಲ ಕಣೇ, ಕೈ ತೊಳ್ಕೊಂಡು ಬರೋಷ್ಟರಲ್ಲಿ ರಕ್ತ. ಈ ಕೈನ ನಂಬೋ ಹಾಗಿಲ್ಲ' ಅನ್ನೋರು." ಅವಳು ಸಣ್ಣಗೆ ನಕ್ಕಳು. "ನಾನು ಹುಟ್ಟಿದಾಗ ಎರಡು ತಿಂಗಳು ನನ್ನ ಎತ್ಕೊಳ್ಳಲೇ ಇಲ್ವಂತೆ. ನನ್ನ ಉಗುರು ಕತ್ತರಿಸೋಕೂ ಅಮ್ಮನೇ ಬೇಕಿತ್ತು."

ಡಾಕ್ಟರು ಲೋಟವನ್ನು ಕೆಳಗಿಟ್ಟರು. ಅವನು ಕ್ಷಮಿಸಿರಲಿಲ್ಲ. ಕ್ಷಮಿಸುವುದಕ್ಕೆ ಏನಿದೆ ಎಂಬುದೇ ಅವನಿಗೆ ತಿಳಿದಿರಲಿಲ್ಲ. ಒಂದು ಸೀಟು ಕದ್ದೆ ಎಂದುಕೊಂಡಿದ್ದವರು ಕದ್ದದ್ದು ಒಬ್ಬ ಮನುಷ್ಯನ ಎರಡು ಕೈಗಳನ್ನು. 

ಹೊರಗೆ ವ್ಯಾನು ಹಾರ್ನ್ ಹಾಕಿತು. ಜನ ಎದ್ದರು. ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎಂದು ಡಾಕ್ಟರಿಗೆ ಗೊತ್ತಿತ್ತು.

"ನೋಡಮ್ಮ," ಎಂದರು. ಧ್ವನಿ ಗಟ್ಟಿಯಾಗಿಯೇ ಬಂತು. ಜವಾನನೂ ತಿರುಗಿ ನೋಡಿದ. "ಆ ರಕ್ತ ನನ್ನ ಟ್ರೇದು. ನಾಳ ಕತ್ತರಿಸಿದ್ದು ನಾನು. ನಿಮ್ಮಪ್ಪ ಆ ಕಡೆ ಹೋದಾಗ ಟ್ರೇ ಬದಲಾಯಿಸಿಬಿಟ್ಟೆ. ಅವನ ಕೈಯಲ್ಲಿ ಯಾವ ತಪ್ಪೂ ಇರಲಿಲ್ಲ."

ಅವಳು ಡಾಕ್ಟರನ್ನು ಒಮ್ಮೆ ನೋಡಿ ಮಂಚದ ಬಳಿ ಹೋದಳು. ಕುತ್ತಿಗೆಯವರೆಗೂ ಹೊದಿಸಿದ್ದ ಬಿಳಿ ಬಟ್ಟೆಯ ಒಳಗಿಂದ ಅಪ್ಪನ ಕೈಗಳನ್ನು ಒಂದೊಂದಾಗಿ ಹೊರಗೆ ತೆಗೆದು, ಎಲ್ಲರಿಗೂ ಕಾಣುವ ಹಾಗೆ ಬಟ್ಟೆಯ ಮೇಲಿಟ್ಟಳು.

"ಹೊತ್ತಾಯ್ತು ಕಣಮ್ಮ," ಎಂದ ಜವಾನ. "ಕೈ ಒಳಗೆ ಮಾಡು."

"ಬೇಡ," ಎಂದು ಅವಳು ಅಪ್ಪನ ಬೆರಳುಗಳನ್ನು ಬಿಡಿಸಿ ನೇರ ಮಾಡತೊಡಗಿದಳು.