ಮುಚ್ಚಳ ಎತ್ತಬಾರದ ಅಡುಗೆ

"ಇವತ್ತೂ ಕುರಿನೇ ಅಂದ್ರೆ, ಕುಕ್ಕಿ, ನಾವೆಲ್ಲ ನಿದ್ದೇಲಿ ಬ್ಯಾ ಬ್ಯಾ ಅಂತ ಕೂಗ್ತೀವಿ ನೋಡು," ಎಂದ ಲೈಲ್, ಅಡುಗೆಮನೆಯ ಜಾಲರಿ ಬಾಗಿಲಿಗೆ ಮೂಗು ಒತ್ತಿ.

"ಬ್ಯಾ ಅನ್ನೋರಿಗೆ ಹುಲ್ಲು ಹಾಕ್ತೀನಿ. ರಾತ್ರಿಗೆ ದನದ ಮಾಂಸ, ಅಣಬೆ, ಹುಳಿ ಕೆನೆ," ಎಂದಳು ಅಡುಗೆಯ ಗ್ಲೆನಿಸ್; ತಂಡಕ್ಕೆಲ್ಲ ಅವಳು 'ಕುಕ್ಕಿ'.

"ಮುಚ್ಚಳ ಎತ್ತಿ ಒಂಚೂರು ತೋರ್ಸೇ."

"ಎತ್ತಿದ್ರೆ ಕೈ ಮುರೀತೀನಿ. ಒಳಗಿನ ಬಿಸಿಯೆಲ್ಲ ಹಾರೋಗುತ್ತೆ. ನಾನೇ ಎತ್ತಲ್ಲ, ನೀನ್ಯಾವ ಊರ ದೊರೆ?"

ಲೈಲ್ ನಕ್ಕ. ಉಣ್ಣೆ ಕತ್ತರಿಸುವ ತಂಡಕ್ಕೆ ಅವನೇ ಮುಂದಾಳು. ಹೊರಡುವ ಮುನ್ನ ದನಿ ತಗ್ಗಿಸಿದ. "ಊಟ ಆದ್ಮೇಲೆ ಡಬ್ಬಿ ಇಡ್ತಾರೆ. ಗೊತ್ತಲ್ಲ?"

ಗೊತ್ತಿಲ್ಲದೆ ಏನು? ವಿಲ್ಕಾನಿಯಾ ಪಟ್ಟಣದ ಕೆಳಗಿನ ಈ ಬಯಲಲ್ಲಿ ಅಡುಗೆಯವಳ ಕೂಲಿ ಹೋಗುವುದು ತಂಡದವರ ಜೇಬಿನಿಂದ. ಅವಳು ಇರಬೇಕೋ ಹೋಗಬೇಕೋ ಎಂದು ಹೇಳುವವರೂ ಅವರೇ. ಕುರಿಯ ಮೈ ಒದ್ದೆಯೋ, ಕತ್ತರಿಸುವಷ್ಟು ಒಣಗಿದೆಯೋ ಎಂಬ ಜಗಳ ಬಂದಾಗ ಗುಟ್ಟಾಗಿ ಚೀಟಿ ಹಾಕುತ್ತಾರಲ್ಲ, ಅದೇ ತಗಡಿನ ಡಬ್ಬಿಯಲ್ಲಿ ಅವಳ ಹಣೆಬರಹವೂ ಬೀಳುತ್ತಿತ್ತು. ಅವಳಿಗಿಂತ ಮುಂಚೆ ಬಂದಿದ್ದ ಇಬ್ಬರೂ ಹಾಗೇ ಗಂಟುಮೂಟೆ ಕಟ್ಟಿದ್ದರು; ಒಬ್ಬ ಎಲ್ಲವನ್ನೂ ಸೀಯಿಸುತ್ತಿದ್ದ, ಇನ್ನೊಬ್ಬ ಕುಡಿಯುತ್ತಿದ್ದ. ಗ್ಲೆನಿಸ್ ತನ್ನ ಪ್ರಾಯವನ್ನೆಲ್ಲ ಉಣ್ಣೆ ಬೇರ್ಪಡಿಸುವ ಮೇಜಿನ ಮುಂದೆ ಕಳೆದವಳು. ಸೊಂಟ ಬಿದ್ದುಹೋದ ಮೇಲೆ ಉಳಿದದ್ದು ಈ ಒಲೆ. ಇದೂ ಹೋದರೆ ಅಡಿಲೇಡಿನಲ್ಲಿ ತಂಗಿಯ ಹಿಂದಿನ ಕೋಣೆ, ತಂಗಿಯ ಬೆಕ್ಕುಗಳು, ತಂಗಿಯ ಬುದ್ಧಿವಾದ.

ಅದಕ್ಕೇ ನಸುಕಿಗೇ ಎದ್ದು ಮಾಂಸ ಹುರಿದು, ಈರುಳ್ಳಿ, ಸಾಸಿವೆ, ಸಾರು ಸೇರಿಸಿ, ದಿನವಿಡೀ ಸಣ್ಣ ಕಾವಿನಲ್ಲಿ ಬೇಯಿಸುವ ನಾಲ್ಕು ಹಳೇ ಕರೆಂಟಿನ ಸ್ಲೋ ಕುಕ್ಕರುಗಳಿಗೆ ತುಂಬಿ ಸ್ವಿಚ್ಚು ಹಾಕಿದ್ದಳು. ಮುಚ್ಚಳದ ಮೇಲೆ ದಪ್ಪ ಟವೆಲ್ಲು ಬೇರೆ. ಆಮೇಲೆ ಚಹಾ, ಕೇಕು ಹೊತ್ತು ಉಣ್ಣೆ ಕತ್ತರಿಸುವ ಶೆಡ್ಡಿಗೆ ಹೋದಳು. ಮಧ್ಯಾಹ್ನದ ಊಟವನ್ನೂ ಗಡಿಬಿಡಿಯಲ್ಲಿ ಅಲ್ಲಿಗೇ ಸಾಗಿಸಿದಳು.

ಬಿಸಿಲು ಇಳಿಯುವ ಹೊತ್ತಿಗೆ ಅಣಬೆ ಹೆಚ್ಚಲು ಬಂದು ಕೂತವಳಿಗೆ ಏನೋ ಕೊರತೆ ಅನ್ನಿಸಿತು. ವಾಸನೆಯೇ ಇಲ್ಲ. ಕುಕ್ಕರಿನ ಹೊಟ್ಟೆ ಮುಟ್ಟಿದಳು. ತಣ್ಣಗಿತ್ತು. ಪಕ್ಕದ್ದೂ ತಣ್ಣಗೆ. ತಾನೇ ಹಾಕಿಕೊಂಡ ಕಟ್ಟಳೆ ಮುರಿದು ಮುಚ್ಚಳ ಎತ್ತಿದಳು. ಬೂದು ಬಣ್ಣದ ತುಂಡುಗಳು, ಮೇಲೆ ಹೆಪ್ಪುಗಟ್ಟಿದ ಕೊಬ್ಬು. ಗೋಡೆಯ ನಾಲ್ಕೂ ಸ್ವಿಚ್ಚು ಆರಿದ್ದವು.

"ನಾನೇ ಆರಿಸಿದ್ದು."

ಬಾಗಿಲಲ್ಲಿ ಕುರಿಗಳ ಯಜಮಾನ ಕ್ರಾಡಕ್ ನಿಂತಿದ್ದ. ಅವನ ಕಿವಿಯ ಹಿಂದೆ ಎಂದಿನಂತೆ ನೀಲಿ ಸೀಮೆಸುಣ್ಣ. ಸರಿಯಾಗಿ ಕತ್ತರಿಸದ ಕುರಿ ಕಂಡರೆ ತಪ್ಪಿನ ಗುರುತಾಗಿ ಅದರ ಬೆನ್ನಿಗೆ ಗೀರು ಎಳೆಯುತ್ತಿದ್ದ. ತನ್ನ ಕುರಿಗೆ ಆ ಗೀರು ಬಿದ್ದವನು ದಿನವಿಡೀ ತಲೆ ಎತ್ತುತ್ತಿರಲಿಲ್ಲ.

"ಒಳಗೆ ಒಂದು ನರಪಿಳ್ಳೆ ಇರ್ಲಿಲ್ಲ. ಕರೆಂಟು ಉರೀತಿತ್ತು. ಕೈ ತಾನಾಗೇ ಹೋಯ್ತು."

ಅವನ ಅಪ್ಪನ ಕಾಲದಲ್ಲಿ ಯಾರೋ ಮರೆತ ಇಸ್ತ್ರಿಪೆಟ್ಟಿಗೆಯಿಂದ ಹಳೇ ಬಿಡಾರ ಬೂದಿಯಾಗಿತ್ತು. ಅಂದಿನಿಂದ ಖಾಲಿ ಕೋಣೆಯಲ್ಲಿ ಹಾಕಿದ ಸ್ವಿಚ್ಚು ಕಂಡರೆ ಕ್ರಾಡಕ್‌ಗೆ ತಡೆಯಲಾಗುತ್ತಿರಲಿಲ್ಲ.

"ಯಾವಾಗ?"

"ನೀನು ಬೆಳಿಗ್ಗೆ ಚಹಾ ತಗೊಂಡು ಹೋದ್ಯಲ್ಲ, ಆಗ."

ಅಂದರೆ ದಿನವಿಡೀ ಮಾಂಸ ಈ ಸೆಕೆಯಲ್ಲಿ ಅರೆಬೆಂದು ಕೂತಿದೆ.

"ಹೋಗ್ಲಿ ಬಿಡು. ಒಲೆ ಮೇಲಿಟ್ಟು ಜೋರಾಗಿ ಕುದಿಸು. ಅಣಬೆ, ಕೆನೆ ಬಿದ್ರೆ ಯಾರಿಗ್ ಗೊತ್ತಾಗುತ್ತೆ?"

ಅದು ನಿಜ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ತಟ್ಟೆ ನೆಕ್ಕುತ್ತಿದ್ದರು, ಡಬ್ಬಿಗೆ ಅವಳ ಪರವಾಗಿ ಚೀಟಿ ಹಾಕುತ್ತಿದ್ದರು. ಗ್ಲೆನಿಸ್ ಸೌಟಿನಲ್ಲಿ ಒಂದು ತುಂಡು ಎತ್ತಿ ಮೂಸಿದಳು. ನಾಳೆ ಬೆಳಿಗ್ಗೆ ಲೈಲ್ ಬೆನ್ನು ಬಗ್ಗಿಸಿ, ಒದೆಯುವ ಕುರಿಯನ್ನು ಕಾಲ ಸಂದಿಯಲ್ಲಿ ಅದುಮಿ, ಓಡುವ ಕತ್ತರಿ ಯಂತ್ರ ಕೈಯಲ್ಲಿರುವಾಗ ಹೊಟ್ಟೆ ಹಿಂಡಿದರೆ?

"ಕೆಟ್ಟದ್ದು ಕುದಿಸಿದ್ರೆ ಒಳ್ಳೇದಾಗಲ್ಲ ಕ್ರಾಡಕ್. ಇದನ್ನ ನಾನು ನಾಯಿಗೂ ಹಾಕಲ್ಲ."

"ಅವರಿಗೇನು ಹೇಳ್ತಿ? ನನ್ ಹೆಸರು ಹೇಳಿದ್ರೆ, ಯಜಮಾನ ನಮ್ ಊಟಕ್ಕೇ ಕೈ ಹಾಕ್ದ ಅಂತ ಬ್ಯಾಗು ಎತ್ಕೊಂಡು ಹೊರಟೇಬಿಡ್ತಾರೆ. ಅರ್ಧ ಮಂದೆ ಇನ್ನೂ ಉಣ್ಣೆ ಹೊತ್ಕೊಂಡು ನಿಂತಿದೆ."

"ನಿಮ್ ಹೆಸರು ಹೇಳೋಳು ನಾನಲ್ಲ. ಹೇಳೋದಾದ್ರೆ ನೀವೇ ಹೇಳಿ."

ಅವನು ಜಾಲರಿ ಬಾಗಿಲು ಎಳೆದುಕೊಂಡು ಹೊರಟುಹೋದ.

ನಾಲ್ಕೂ ಪಾತ್ರೆ ಹಿತ್ತಲ ಗುಂಡಿಗೆ ಸುರಿದು, ಮಣ್ಣು ಎಳೆದಳು. ಮತ್ತೆ ಕುರಿ ಮಾಂಸವೇ ಬಂತು. ತೆಳ್ಳಗೆ ಸೀಳಿ ದೊಡ್ಡ ಬಾಣಲೆಯಲ್ಲಿ ಹುರಿದಳು, ಅಣಬೆ ಸೇರಿಸಿದಳು, ಒಡೆಯದಿರಲೆಂದು ಉರಿ ಆರಿಸಿದ ಮೇಲೆ ಕೆನೆ ಬೆರೆಸಿದಳು. ಅವಸರದಲ್ಲಿ ಅರ್ಧ ಬಟ್ಟಲು ಕೆನೆ ಒಲೆಯ ಪಾಲಾಯಿತು.

ಗಂಟೆ ಬಾರಿಸಿದಳು. ತಂಡ ಬಂದು ಕೂತಿತು. ಲೈಲ್ ಒಂದು ತುತ್ತು ಅಗಿದ, ದವಡೆ ನಿಂತಿತು.

"ಕುರಿ."

ಮೇಜಿನ ಕೊನೆಯಿಂದ ಯಾರೋ "ಬ್ಯಾ" ಎಂದರು. ಯಾರೂ ನಗಲಿಲ್ಲ.

"ಹೌದು, ಕುರಿ," ಎಂದಳು ಗ್ಲೆನಿಸ್. "ದನದ್ದು ಗುಂಡೀಲಿದೆ. ಸ್ವಿಚ್ಚು ಆರಿತ್ತು, ಮಾಂಸ ಕೆಟ್ಟಿತ್ತು. ಮುಚ್ಚಳ ಎತ್ತಬಾರದು ಅಂತ ನಾನೂ ನೋಡ್ಲಿಲ್ಲ."

"ಆರಿಸಿದ್ದು ಯಾರು?"

ಅವಳು ಸೌಟು ಒರೆಸುತ್ತಲೇ ಇದ್ದಳು. ಲೈಲ್ ತಟ್ಟೆ ಹಿಂದೆ ತಳ್ಳಿದ. ಅಷ್ಟರಲ್ಲಿ ಜಾಲರಿ ಬಾಗಿಲು ಕಿರುಗುಟ್ಟಿತು. ತಂಡದ ಊಟದ ಮನೆಗೆ ಯಜಮಾನ ಕರೆಯದೆ ಕಾಲಿಡುವುದಿಲ್ಲ. ಕ್ರಾಡಕ್ ಟೋಪಿ ಕೈಯಲ್ಲಿ ಹಿಡಿದು ಹೊಸ್ತಿಲಲ್ಲೇ ನಿಂತ.

"ನಾನು ಆರಿಸಿದ್ದು. ಕುದಿಸಿ ಬಡಿಸು ಅಂದವನೂ ನಾನೇ. ಇವಳು ಕೇಳ್ಲಿಲ್ಲ."

ಕುರ್ಚಿಯೊಂದು ಸರಿದ ಸದ್ದು. ಲೈಲ್ ಅವನನ್ನು ಮೇಲಿನಿಂದ ಕೆಳಗೆ ನೋಡಿದ.

"ಟೋಪಿ ಹೇಗೂ ತೆಗೆದಿದೀರ, ಬಂದು ಕೂತ್ಕೊಳಿ," ಎಂದ ಕೊನೆಗೆ. "ಕುರಿ ನಿಮ್ದೇ ತಾನೆ."

ಡಬ್ಬಿ ಸುತ್ತು ಬರುವಾಗ ಅವಳು ಬೆನ್ನು ಹಾಕಿ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಊಟದ ಮನೆಯಿಂದ ಚೀಟಿ ಬಿಡಿಸುವ ಸದ್ದು. ಆಮೇಲೆ ಲೈಲ್‌ನ ಹೆಜ್ಜೆ.

"ಕುಕ್ಕಿ, ನಾಳೆ ದನದ ಮಾಂಸ ಮಾಡ್ತೀಯಾ?"

"ಯಾರಿಗೆ?"

"ನಮಗೇ ಕಣೇ. ನೀನು ಬೇಡ ಅಂತ ಒಬ್ನೇ ಒಬ್ಬ ಬರೆದಿದ್ದ."

"ಯಾವನವನು?"

"ನಾನೇ." ಲೈಲ್ ಕತ್ತು ಕೆರೆದುಕೊಂಡ. "ಬೆಳಿಗ್ಗೆನೇ ಬರೆದಿಟ್ಟಿದ್ದೆ. ತಿದ್ದೋಕೆ ಪೆನ್ಸಿಲ್ ಕೇಳಿದ್ರೆ ಒಬ್ಬ ನನ್ಮಗನೂ ಕೊಡ್ಲಿಲ್ಲ."

ಅವಳು ಒದ್ದೆ ಬಟ್ಟೆ ಎತ್ತಿ ಅವನ ಮುಖಕ್ಕೆ ಎಸೆದಳು.

ಊಟ ಮುಗಿಸಿದ ಕ್ರಾಡಕ್ ಅಡುಗೆಮನೆ ಹಾದು ಹೊರಟವನು ಗೋಡೆಯ ಹತ್ತಿರ ನಿಂತ. ಕಿವಿಯ ಹಿಂದಿನ ಸೀಮೆಸುಣ್ಣ ತೆಗೆದು, ನಾಲ್ಕು ಸ್ವಿಚ್ಚುಗಳ ಮೇಲೆ ಉದ್ದಕ್ಕೂ ಒಂದು ನೀಲಿ ಗೀರು ಎಳೆದ. ಟೋಪಿ ಇಟ್ಟುಕೊಂಡು ಕತ್ತಲಿಗೆ ಇಳಿದ.