ತೊಟ್ಟಿಕ್ಕುವ ನಲ್ಲಿ

ತೊಟ್ ಅಂತು ಮತ್ತೆ, ಇನ್ನೂ ದೂರದಲ್ಲೇ ಇದೆ, ಎಪ್ಪತ್ತು ಹೆಜ್ಜೆ ಇರಬಹುದು, ಮುಖದ ಮುಂದಿನ ಬಲೆಯೊಳಗಿಂದ ಮಧ್ಯಾಹ್ನದ ಬೆಳಕೆಲ್ಲ ಜರಡಿಯಿಂದ ಉದುರಿದ ಹಿಟ್ಟಿನ ಹಾಗೆ ಕಾಣುತ್ತಿದೆ, ಗೋಡೆ ಯಾವುದು ಬಾಗಿಲು ಯಾವುದು ಒಂದೂ ತಿಳಿಯದು, ಕಿವಿಯೇ ಕಣ್ಣಾಗಬೇಕು ಈಗ — ತೊಟ್ — ಆ ನಲ್ಲಿಯ ಹತ್ತಿರ ಎಡಕ್ಕೆ ತಿರುಗಬೇಕು, ತಿರುಗಿದ ಮೇಲೆ ನಲವತ್ತು ಹೆಜ್ಜೆಗೆ ಗೇಟು, ಗೇಟಿನಾಚೆ ರಸ್ತೆ, ರಸ್ತೆಯ ಕೊನೆಗೆ ಇಟ್ಟಿಗೆ ಗೂಡಿನ ತಿರುವು, ಅಷ್ಟು ದಾಟಿದರೆ ಗೆದ್ದ ಹಾಗೆ, ಹೇಳುವುದಕ್ಕೆ ಎಷ್ಟು ಸಲೀಸು. ದರ್ಜಿಯಕ್ಕ ಅಂತ ಊರೆಲ್ಲ ಕರೆಯುತ್ತಿದ್ದ, ತನ್ನದೇ ಅಂಗಡಿಯ ಗೂಟದಿಂದ ಬಟ್ಟೆ ಇಳಿಸಲು ಸ್ಟೂಲು ಹತ್ತಬೇಕಾಗಿದ್ದ ಹೆಂಗಸಿಗೆ ಇವತ್ತು ಏಳಡಿ ಎತ್ತರ ಬಂದುಬಿಟ್ಟಿದೆ, ಕಾಲ ಕೆಳಗೆ ಗಂಡ ಕೊಯ್ದು ಕೊಟ್ಟ ಎರಡು ಕಬ್ಬಿಣದ ಪೈಪಿನ ತುಂಡು, ಟಣ್ ಅನ್ನದಿರಲಿ ಅಂತ ಪೈಪಿನ ತಳಕ್ಕೆ ರಬ್ಬರ್ ವಾಷರ್, ಮೊಣಕಾಲಿನ ತನಕ ಚರ್ಮದ ಪಟ್ಟಿ, ಬಿಗಿಯುವಾಗ ನೋಯ್ತಿದೆಯಾ ಅಂತ ಕೇಳಿದ, ನೋಯದೆ ಇರುತ್ತದೆಯೇ, ಇಲ್ಲಾರೀ ಅಂದಳು, ಅದರ ಮೇಲೆ ಉದ್ದಣ್ಣಗಳ ಬೂದುಬಣ್ಣದ ನಿಲುವಂಗಿ, ತಲೆಗೆ ಮುಸುಕು, ಒಳಗೆ ಬೆವರು ಬೆನ್ನಿನ ಹುರಿಗುಂಟ ಇಳಿದು ಸೊಂಟದಲ್ಲಿ ನಿಂತು ಕಚಗುಳಿ ಇಡುತ್ತಿದೆ, ಒರೆಸಿಕೊಳ್ಳುವ ಹಾಗಿಲ್ಲ, ಉದ್ದಣ್ಣಗಳು ಬೆವರುವುದಿಲ್ಲ.

ಉದ್ದಣ್ಣ ಅಂತ ಹೆಸರಿಟ್ಟವಳು ನಾದಿನಿ, ಆಕಾಶದಿಂದ ಇಳಿದು ಬಂದವರಿಗೆ ಏನಾದರೂ ಒಂದು ಹೆಸರು ಬೇಕಲ್ಲ, ಬಂದ ವಾರದಲ್ಲೇ ಊರಿನ ಹೈಸ್ಕೂಲನ್ನು ಕೋಟೆ ಮಾಡಿಕೊಂಡರು, ಆಟದ ಬಯಲಿನ ಸುತ್ತ ಗೋಡೆ ಎಬ್ಬಿಸಿದರು, ಕೈಕಸುಬು ಗೊತ್ತಿದ್ದವರನ್ನು ಮಾತ್ರ ಹಿಡಿದು ತಂದು ತರಗತಿಗಳಲ್ಲಿ ಕೂಡಿಹಾಕಿದರು, ಇವಳಿಗೆ ಎಂಟನೇ ತರಗತಿಯ ಕೋಣೆ, ಹೊಲಿಗೆ ಮೆಷಿನ್ನು, ಮೂಟೆಗಟ್ಟಲೆ ಬೂದು ಬಟ್ಟೆ. ಹದಿನೆಂಟು ತಿಂಗಳು ಅವರ ಅಳತೆ ತೆಗೆದಿದ್ದಾಳೆ, ಅವರ ಮೈಯನ್ನು ಇವಳಷ್ಟು ಬಲ್ಲವರು ಇಲ್ಲ, ಅವರ ಕತ್ತು ಹೊರಳುವುದಿಲ್ಲ, ಕೈ ಬೀಸುವುದಿಲ್ಲ, ನಮ್ಮ ಬಿಸಿಲು ಕಣ್ಣಿಗೆ ಆಗದು ಅಂತ ಮಧ್ಯಾಹ್ನ ಮಾತ್ರ ಮುಖಕ್ಕೆ ಬಲೆ ಇಳಿಸಿಕೊಳ್ಳುತ್ತಾರೆ, ಅಂಗಿಯ ಅಂಚಿನಲ್ಲಿ ಒಂದು ಪಟ್ಟಿ ಇದ್ದವನು ಮೂರು ಪಟ್ಟಿಯವನಿಗೆ ದಾರಿ ಬಿಡುತ್ತಾನೆ, ಇವಳ ಅಂಚಿಗೆ ಇವತ್ತು ಮೂರು ಪಟ್ಟಿ ಇದೆ, ಹೊಲಿಯುವವಳೇ ತಾನಾದ ಮೇಲೆ ಜಿಪುಣತನ ಯಾಕೆ. ಎಲ್ಲಕ್ಕಿಂತ ಮುಖ್ಯವಾದದ್ದು, ಅವರು ಹಿಂದಿರುಗಿ ನೋಡುವುದಿಲ್ಲ, ಹಿಂದೆ ಬಾ ಅಂದರೆ ಆಳು ಬಂದೇ ಬರುತ್ತಾನೆ ಅನ್ನುವ ಜಂಬ, ಒಬ್ಬ ಉದ್ದಣ್ಣ ಮೈಪೂರ್ತಿ ತಿರುಗಿ ನಿಂತ ಅಂದರೆ ಏನೋ ಕೆಟ್ಟಿದೆ ಎಂದೇ ಅರ್ಥ, ಆ ಗಳಿಗೆಯಲ್ಲೇ ಗೇಟು ಮುಚ್ಚುತ್ತದೆ, ಉಳಿದವರು ಓಡಿಬರುತ್ತಾರೆ. ಅದಕ್ಕೇ ಗಂಡ ನೂರು ಸಲ ಹೇಳಿದ್ದು, ಏನೇ ಆಗ್ಲಿ ತಿರುಗ್ಬೇಡ ಗುಬ್ಬಿ, ನಾನು ಬಿದ್ರೂ ತಿರುಗ್ಬೇಡ, ನಾನು ಸತ್ತೆ ಅಂತ ಕೂಗಿದ್ರೂ ತಿರುಗ್ಬೇಡ, ನಿಮಗೆ ಬಾಯಿಗೆ ಬಂದದ್ದೇ ಮಾತು ಅಂತ ಬೈದಿದ್ದಳು.

ತೊಟ್. ಹತ್ತಿರವಾಯಿತು. ಹಿಂದೆ, ಉದ್ದಣ್ಣ ಹೊರಗೆ ಕರೆದೊಯ್ಯುವ ಆಳುಗಳ ಹಾಗೆ, ಮೂವರ ಹೆಜ್ಜೆ ಕೇಳುತ್ತಿದೆ, ಕೇಳುತ್ತಲೇ ಇರಲಿ, ಮೊದಲು ನಾದಿನಿಯ ಮೆತ್ತನೆಯ ರಬ್ಬರ್ ಚಪ್ಪಲಿ, ಆಮೇಲೆ ಅಂಚೆ ಮಾವ, ಮೂವತ್ತು ವರ್ಷ ಈ ಊರಿನ ಓಣಿ ಓಣಿ ಸುತ್ತಿ ಕಾಗದ ಹಂಚಿದವರು, ಗೂಡಿನಾಚೆಯ ದಾರಿ ಗೊತ್ತಿರುವುದು ಅವರೊಬ್ಬರಿಗೇ, ಗಂಟಲಲ್ಲಿ ಕೆಮ್ಮನ್ನು ನುಂಗಿಕೊಂಡು ಬರುತ್ತಿದ್ದಾರೆ, ಎಲ್ಲರಿಗಿಂತ ಕೊನೆಗೆ ಟಪ್ ಸರ್, ಟಪ್ ಸರ್, ಅದು ಅವನು, ಬಲಗಾಲು ಊರಿ ಎಡಗಾಲು ಎಳೆಯುವುದು, ಹೋದ ವರ್ಷ ನೀರಿನ ಟ್ಯಾಂಕಿನ ಏಣಿಯಿಂದ ಉದ್ದಣ್ಣಗಳು ತಳ್ಳಿದರಲ್ಲ ಅಂದಿನಿಂದ ಹಾಗೆ. ಆ ಕಾಲಿನಿಂದಾಗಿಯೇ ಈ ವೇಷ ಇವಳ ಮೈಗೆ ಬಂದದ್ದು, ಇಲ್ಲದಿದ್ದರೆ ಅವನೇ ಪೈಪಿನ ಮೇಲೆ ನಿಲ್ಲುತ್ತಿದ್ದ, ಪೈಪಿನ ಕಸುಬಿನವನು ತಾನೆ. ಹಾಳು ಕಸುಬು. ಮದುವೆಯಾದ ಹೊಸತರಲ್ಲಿ ಫೋಟೋ ತೆಗೆಸಲು ಸ್ಟುಡಿಯೋಗೆ ಹೊರಟಿದ್ದರು, ಇವಳು ಮುಂದೆ ಮುಂದೆ ಮಾತಾಡುತ್ತ, ಅತ್ತೆ ಹೇಳಿದ್ದು ಇವಳು ಹೇಳಿದ್ದು ಎಲ್ಲ ವರದಿ ಒಪ್ಪಿಸುತ್ತ, ಎದುರಿಗೆ ಬಂದವರು ಒಂಥರಾ ನೋಡಿದಾಗ ತಿರುಗಿದರೆ ಹಿಂದೆ ಯಾರೂ ಇಲ್ಲ, ನೂರು ಮಾರು ಆಚೆ ಬೀದಿ ನಲ್ಲಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾನೆ ಮಹಾಶಯ, ಸೋರ್ತಿತ್ತು ಕಣೇ, ನೋಡ್ಕೊಂಡು ಹೇಗೆ ಹೋಗೋದು. ಅವರಿಬ್ಬರ ಒಂದೇ ಒಂದು ಫೋಟೋದಲ್ಲಿ ಅವನ ತೋಳು ಮೊಣಕೈ ತನಕ ಒದ್ದೆ. ಹೀಗೆ ತಪ್ಪಿದ ಬಸ್ಸುಗಳೆಷ್ಟು, ತಣ್ಣಗಾದ ಊಟ ಎಷ್ಟು, ಪ್ರತಿ ಸಲ ಇವಳು ತಿರುಗಿ ಸೊಂಟಕ್ಕೆ ಕೈಕೊಟ್ಟು ಕೂಗುವುದು, ರೀ ಬರ್ತೀರೋ ಇಲ್ವೋ, ಅವನು ಕೈ ಒರೆಸಿಕೊಳ್ಳುತ್ತ ಓಡಿಬರುವುದು. ಅಂಥವನು ಇವಳಿಗೋಸ್ಕರ ಒಂದು ನಲ್ಲಿಯನ್ನು ಸೋರಲು ಬಿಟ್ಟಿದ್ದಾನೆ, ಶಾಲೆಯ ಎಲ್ಲ ನಲ್ಲಿ ರಿಪೇರಿ ಮಾಡಬೇಕು ಅಂತ ಉದ್ದಣ್ಣಗಳ ಅಪ್ಪಣೆ, ಎಲ್ಲ ಮಾಡಿ ಮೊಗಸಾಲೆಯ ತಿರುವಿನದ್ದಕ್ಕೆ ಮಾತ್ರ ಸವೆದ ವಾಷರ್ ಹಾಕಿದ, ಬಲೆಯೊಳಗಿಂದ ಕಾಣದಿದ್ದರೂ ಕೇಳುತ್ತದಲ್ಲ, ನಾಲ್ಕು ಎಣಿಸುವಷ್ಟರಲ್ಲಿ ಒಂದು ಹನಿ, ಹನ್ನೊಂದು ದಿನದಿಂದ ಅದರ ಪಕ್ಕ ಓಡಾಡೋದು ನರಕ ಕಣೇ, ಕೈ ತಾನಾಗೇ ಹೋಗುತ್ತೆ, ಹೊರಡೋ ದಿನ ನಾನೇ ಮುಚ್ಚಿ ಬರ್ತೀನಿ ನೋಡ್ತಿರು ಅಂತ ನಗುತ್ತಿದ್ದ, ಮುಚ್ಚ್ತೀರಾ ಮುಚ್ಚ್ತೀರಾ, ನಿಮ್ಮ ತಲೆ, ಅಂದಿದ್ದಳು.

ಕಿರ್. ಏನದು. ಕಿರ್ ಕಿರ್ — ಹೊಸ ಬೂಟಿನ ಸದ್ದು, ಪಕ್ಕದ ಬಾಗಿಲಿನಿಂದ ಬಂತು, ಈ ಕೋಟೆಯಲ್ಲಿ ಹೊಸ ಬೂಟು ಇರುವುದು ಒಬ್ಬನಿಗೇ, ಮೇಸ್ತ್ರಿ, ನಮ್ಮವನೇ, ನಮ್ಮ ಹಾಗೇ ಸಿಕ್ಕಿಬಿದ್ದವನು, ನಮ್ಮ ಮೇಲೆ ಚಾಡಿ ಹೇಳಿ ಹೇಳಿ ಉದ್ದಣ್ಣಗಳ ಕೈಯಿಂದ ಬೂಟು ಗಿಟ್ಟಿಸಿದವನು, ಬ್ರೆಡ್ಡು ಸುಡುತ್ತಿದ್ದ ಬೇಕರಿಯವನು ಹಾಸಿಗೆಯ ಕೆಳಗೆ ಹಗ್ಗ ಇಟ್ಟುಕೊಂಡಿದ್ದಾನೆ ಅಂತ ಹೇಳಿದ್ದು ಇವನ ಬಾಯಿ, ಬೇಕರಿಯವನನ್ನು ಮಹಡಿ ಹತ್ತಿಸಿದರು, ಮಹಡಿ ಹತ್ತಿದವರು ಇಳಿದದ್ದನ್ನು ಯಾರೂ ಕಂಡಿಲ್ಲ. ಬಗಲಲ್ಲೇ ಬಂದ, ಉಸಿರಿನಲ್ಲಿ ಮಾತಾಡಿದ, ಅಕ್ಕಾ, ನೀವು ಅಂತ ಗೊತ್ತು, ನಾನೂ ಬರ್ತೀನಿ, ಬೇಡ ಅಂದ್ರೆ ಇಲ್ಲೇ ಕೂಗ್ತೀನಿ ಅಷ್ಟೇ. ಹೆಜ್ಜೆ ನಿಲ್ಲಿಸಬಾರದು, ಇವಳು ನಿಲ್ಲಿಸಲಿಲ್ಲ, ಮಾತಾಡುವ ಹಾಗಿಲ್ಲ, ಉಗಿಯುವ ಹಾಗಿಲ್ಲ, ಬೂಟು ಹಿಂದಕ್ಕೆ ಸರಿದು ಸಾಲು ಸೇರಿತು, ರಬ್ಬರ್ ಚಪ್ಪಲಿ, ಕೆಮ್ಮು, ಕಿರ್ ಕಿರ್, ಟಪ್ ಸರ್. ನಾಲ್ಕು. ಅಯ್ಯೋ ನಾಲ್ಕು. ಉದ್ದಣ್ಣಗಳ ಕೈಗೆ ಮೂರೇ ಬೆರಳು, ಅವರು ಆಳು ಕರೆದೊಯ್ಯುವುದೂ ಮೂವರನ್ನೇ, ಗೇಟಿನವನು ಒಬ್ಬೊಬ್ಬರಿಗೆ ಒಂದೊಂದು ಬೆರಳು ಮಡಿಸುತ್ತಾನೆ, ನಾಲ್ಕನೆಯವನಿಗೆ ಮಡಿಸಲು ಬೆರಳಿಲ್ಲ, ಅಲ್ಲಿಗೆ ಎಲ್ಲ ಮುಗಿಯಿತು, ಐವರೂ ಮಹಡಿಗೆ. ಒಬ್ಬರು ಇಲ್ಲೇ ಉಳಿಯಬೇಕು. ಯಾರು, ಕತ್ತು ತಿರುಗಿಸದೆ ಯಾರನ್ನು ಬಿಟ್ಟುಹೋಗುವುದು, ಮೇಸ್ತ್ರಿಯ ಕುತ್ತಿಗೆ ಹಿಸುಕೋಣವೇ, ಕಾಲ ಕೆಳಗೆ ಪೈಪು, ಅಂಚೆ ಮಾವನಿಗೆ ವಯಸ್ಸಾಯಿತಲ್ಲ, ಅವರೇ ನಿಂತುಬಿಟ್ಟರೆ — ಛೆ, ಎಂಥಾ ಯೋಚನೆ — ನಾದಿನಿ ನಿಂತುಬಿಟ್ಟರೆ, ಅವಳಿಗೆ ಇನ್ನೂ ಇಪ್ಪತ್ತಾರು, ಇವಳ ಕೈತುತ್ತು ತಿಂದು ಬೆಳೆದವಳು, ಆದರೂ ಅನ್ನಿಸಿತು, ಒಂದು ಹೆಜ್ಜೆಯ ಮಟ್ಟಿಗೆ ಅನ್ನಿಸಿಯೇಬಿಟ್ಟಿತು, ಯಾರಾದರೂ ನಿಲ್ಲಲಿ ದೇವರೇ, ಅವನೊಬ್ಬ ಬರಲಿ, ಅವನಿಲ್ಲದ ಮೇಲೆ ಹೊರಗೆ ಹೋಗಿ ಇವಳು ಮಾಡುವುದಾದರೂ ಏನು.

ತೊಟ್, ಬಂತು, ಪಕ್ಕದಲ್ಲೇ, ಕಲ್ಲಿನ ತೊಟ್ಟಿಗೆ ಬಿದ್ದ ಹನಿ ಸಿಡಿದು ಅಂಗಿಯ ಅಂಚಿಗೆ ತಾಗಿರಬೇಕು, ಬಲೆಯ ಸಂದಿಯಲ್ಲಿ ಒಂದು ಗಳಿಗೆ ನಲ್ಲಿ ಕಂಡಿತು, ಹಿತ್ತಾಳೆಯದು, ಬಾಯಿಯ ಅಂಚಿನಲ್ಲಿ ಇನ್ನೊಂದು ಹನಿ ದಪ್ಪಗಾಗುತ್ತ ಜೋತುಬಿದ್ದಿತ್ತು, ಹುಡುಗಿಯಾಗಿದ್ದಾಗ ಇದೇ ನಲ್ಲಿಗೆ ಬಾಯಿಟ್ಟು ನೀರು ಕುಡಿದು ಲಂಗ ಒದ್ದೆ ಮಾಡಿಕೊಂಡಿದ್ದಾಳೆ, ತೊಟ್, ಎಡಕ್ಕೆ ತಿರುಗು, ಮೈಪೂರ್ತಿ ಬೇಡ, ಓರೆಯಾಗಿ, ಗೋಡೆಗುಂಟ ಹರಿಯುವ ಹಾಗೆ, ತಿರುಗಿದಳು, ಬೀಳಲಿಲ್ಲ, ಒಂದು, ಎರಡು, ಮೂರು. ಹಿಂದೆ ತೊಟ್. ನಾಲ್ಕು, ಐದು, ಆರು, ಏಳು. ತೊಟ್. ಎಂಟು, ಒಂಬತ್ತು, ಹತ್ತು, ಹನ್ನೊಂದು. ಹನ್ನೊಂದು. ಈಗ ಬೀಳಬೇಕು. ಹನ್ನೆರಡು, ಹದಿಮೂರು, ಬೀಳಲಿಲ್ಲ, ದೂರವಾಯಿತೇನೋ, ಇಲ್ಲ, ಎಪ್ಪತ್ತು ಹೆಜ್ಜೆಯಿಂದ ಕೇಳಿಸಿದ್ದು ಹದಿಮೂರಕ್ಕೆ ಕೇಳಿಸದೆ ಹೋಗುತ್ತದೆಯೇ, ನಿಂತಿದೆ, ನಲ್ಲಿ ನಿಂತಿದೆ, ಯಾರೋ ಮುಚ್ಚಿದ್ದಾರೆ, ಯಾರೋ ಏನು ಯಾರೋ, ಈ ಭೂಮಿಯ ಮೇಲೆ ಇಂಥ ಹೊತ್ತಿನಲ್ಲಿ ನಲ್ಲಿ ಮುಚ್ಚುವವನು ಒಬ್ಬನೇ ಇರುವುದು. ಕಿವಿ ಹಿಂದಕ್ಕೆ ಹೋಯಿತು, ರಬ್ಬರ್ ಚಪ್ಪಲಿ, ಕೆಮ್ಮು, ಕಿರ್ ಕಿರ್. ಕಿರ್ ಕಿರ್. ಟಪ್ ಎಲ್ಲಿ, ಸರ್ ಎಲ್ಲಿ, ರೀ ಬರ್ತೀರೋ ಇಲ್ವೋ, ಸೊಂಟಕ್ಕೆ ಕೈ ಹೋಗಬೇಕು, ಕೈ ಹೋಗಬಾರದು, ಉದ್ದಣ್ಣಗಳ ಕೈ ಅಂಗಿಯ ತೋಳಿನೊಳಗೇ ಜೋತುಬಿದ್ದಿರುತ್ತದೆ, ಹಲ್ಲು ಕಚ್ಚು, ಇಪ್ಪತ್ತು, ಇಪ್ಪತ್ತೊಂದು, ಚಾಳಿಗೆ ನಿಂತನೋ ಬೇಕಂತಲೇ ನಿಂತನೋ, ಚಾಳಿಯೇ ಇರಲಿ, ಈಗ ಓಡಿಬರುತ್ತಾನೆ, ಕೈ ಒರೆಸಿಕೊಳ್ಳುತ್ತ, ಅವನಿಗೆ ಓಡಲು ಬರುವುದಿಲ್ಲ ಈಗ, ಇಪ್ಪತ್ತೆಂಟು, ನಿನ್ನ ಮನೆ ಹಾಳಾಗ, ನನ್ನ ಮನೆಯೇ ಹಾಳಾಗುತ್ತಿದೆಯಲ್ಲೋ, ಮೂವತ್ತು.

ಗೇಟಿನವನು ಎದ್ದು ನಿಂತ, ಒಂದು ಪಟ್ಟಿ, ಆ ಅಂಚನ್ನೂ ಹೊಲಿದವಳು ಇವಳೇ, ಎರಡನೇ ಮೂಲೆಯಲ್ಲಿ ದಾರ ಮುಗಿದು ಬೇರೆ ದಾರ ಹಾಕಿದ್ದು ನೆನಪಿದೆ, ಗಂಟಲೊಳಗಿಂದ ಅವರದ್ದೊಂದು ಗುಟುರು ಹಾಕಿದ, ಏನೋ ಕೇಳುತ್ತಿದ್ದಾನೆ, ಉತ್ತರ ಕೊಡಬಾರದು, ಮೂರು ಪಟ್ಟಿಯವನು ಒಂದು ಪಟ್ಟಿಯವನಿಗೆ ಉತ್ತರ ಕೊಡುವುದಿಲ್ಲ, ನಡಿಗೆ ತಗ್ಗಿಸುವುದೂ ಇಲ್ಲ, ನೇರ ಅವನ ಎದೆಗೇ ನಡೆದಳು, ಸರಿಯದಿದ್ದರೆ ಡಿಕ್ಕಿ, ಡಿಕ್ಕಿಯಾದರೆ ಪೈಪು ಜಾರಿ ದರ್ಜಿಯಕ್ಕ ನೆಲಕ್ಕೆ, ಭಯವಾಗಬೇಕಿತ್ತು, ಆಗಲಿಲ್ಲ, ಮೈಯೆಲ್ಲ ಸಿಟ್ಟೇ ತುಂಬಿತ್ತು, ಗಂಡನ ಮೇಲಿನ ಸಿಟ್ಟು, ಆ ಸಿಟ್ಟಿನಲ್ಲಿ ಇಟ್ಟ ಹೆಜ್ಜೆ ನಿಜವಾದ ಉದ್ದಣ್ಣನ ಹೆಜ್ಜೆಯೇ ಆಯಿತೇನೋ, ಗೇಟಿನವನು ಪಕ್ಕಕ್ಕೆ ಸರಿದ. ಕೈ ಎತ್ತಿದ. ಬಲೆಯೊಳಗಿಂದ ಅಷ್ಟು ಮಾತ್ರ ಕಂಡಿತು, ಮೂರು ಬೆರಳು, ಆಮೇಲೆ ಅವನೂ ಹಿಂದಾದ, ಕೇಳಿಸಿದ್ದಷ್ಟೇ, ಚಪ್ಪಲಿ ದಾಟಿತು, ಒಂದು ಬೆರಳು ಮಡಿಸಿರಬೇಕು, ಕೆಮ್ಮು ದಾಟಿತು, ಎರಡು, ಕಿರ್ ಕಿರ್. ಗೇಟು ಮುಚ್ಚಿದ ಸದ್ದು ಬೆನ್ನಿಗೆ ಬಂದು ತಾಗಿತು.

ರಸ್ತೆ. ಬಿಸಿಲಿಗೆ ಟಾರು ಮೆತ್ತಗಾಗಿ ವಾಷರ್ ಅಂಟುತ್ತಿದೆ, ಎತ್ತಿದಾಗೆಲ್ಲ ಚಪ್ ಅನ್ನುತ್ತದೆ, ಗೋಡೆಯ ಮೇಲಿಂದ ಇನ್ನೂ ಯಾರಾದರೂ ನೋಡುತ್ತಿರಬಹುದು, ತಿರುವಿನ ತನಕ ತಿರುಗಬಾರದು, ಅವನಿಗೇನೂ ಆಗುವುದಿಲ್ಲ, ಅವನ ಕೈಯಲ್ಲಿ ಸ್ಪಾನರ್ ಇರುತ್ತದೆ, ನಲ್ಲಿಯ ಮುಂದೆ ಕೂತಿರುತ್ತಾನೆ, ರಿಪೇರಿ ಅಂತ ತೋರಿಸುತ್ತಾನೆ, ಅಪ್ಪಣೆ ಅವರದ್ದೇ ತಾನೆ, ಅವನಷ್ಟು ಅಮಾಯಕ ಮುಖ ಮಾಡುವವರು ಯಾರಿದ್ದಾರೆ, ತಪ್ಪಿಸಿಕೊಳ್ಳುತ್ತಾನೆ, ಸಂಜೆಯ ತನಕ ತಪ್ಪಿಸಿಕೊಳ್ಳುತ್ತಾನೆ, ಸಂಜೆ ಹೊಲಿಗೆ ಮೆಷಿನ್ನಿನ ಮುಂದೆ ಹೆಂಗಸಿಲ್ಲ, ಪೈಪು ಕೊಯ್ದ ಗರಗಸಕ್ಕೆ ಹೊಸ ಪುಡಿ ಅಂಟಿದೆ, ಅವರು ಲೆಕ್ಕ ಬಾರದವರಲ್ಲ. ಮಹಡಿಗೆ ಎಷ್ಟು ಮೆಟ್ಟಿಲು, ಆ ಕಾಲಿನಲ್ಲಿ. ತಿರುವು ಬಂತು, ಗೂಡಿನ ಗೋಡೆ ಕೋಟೆಯನ್ನು ಮರೆಮಾಡಿತು, ಅತ್ತಿಗೇ ಅಂದಳು ನಾದಿನಿ, ಅತ್ತಿಗೇ, ಅಣ್ಣ ಎಲ್ಲಿ. ಅಂಚೆ ಮಾವ ಗಂಟಲಲ್ಲಿ ಹಿಡಿದಿದ್ದ ಕೆಮ್ಮನ್ನೆಲ್ಲ ಒಟ್ಟಿಗೆ ಕೆಮ್ಮಿದರು. ನಾನು ಕೇಳ್ಲಿಲ್ಲಕ್ಕಾ, ಅಂದ ಮೇಸ್ತ್ರಿ, ಅಳುತ್ತಿದ್ದಾನೆ ಪಾಪಿ, ಅವನಿಗೆ ಅಳಲು ಏನಿದೆ, ದೇವರಾಣೆಗೂ ನಾನು ಅವರ ಜಾಗ ಕೇಳ್ಲಿಲ್ಲ, ಅವರೇ ನನ್ನ ಭುಜ ಹಿಡಿದು ಮುಂದಕ್ಕೆ ತಳ್ಳಿದ್ರು, ಮೂರೇ ಜನ ನಡಿ ಅಂದ್ರು, ಅವಳು ಕೇಳಿದ್ರೆ ನಲ್ಲಿ ಮುಚ್ಚಿ ಬರ್ತಾನಂತೆ ಅನ್ನು ಅಂದ್ರು. ಈಗ ತಿರುಗಬಹುದು, ಯಾರೂ ನೋಡುತ್ತಿಲ್ಲ, ಮುಸುಕು ಕಿತ್ತೆಸೆಯಬಹುದು, ಪಟ್ಟಿ ಬಿಚ್ಚಿ ಇಳಿಯಬಹುದು, ಇಳಿಯಿರಿ ಅತ್ತಿಗೆ ಅಂತ ನಾದಿನಿ ಕಾಲಿನ ಹತ್ತಿರ ಕೂತು ಗಂಟು ಹುಡುಕುತ್ತಿದ್ದಾಳೆ, ಬೇಡ ಮುಟ್ಟಬೇಡ, ಅವನು ಕಟ್ಟಿದ ಗಂಟು, ತಿರುಗಿದರೆ ರಸ್ತೆ ಖಾಲಿ ಇರುತ್ತದೆ, ತಿರುಗದಿದ್ದರೆ ಅವನು ಹಿಂದೆಯೇ ಎಲ್ಲೋ ಕುಕ್ಕರಗಾಲಲ್ಲಿ ಕೂತಿರುತ್ತಾನೆ, ತೋಳು ಮೊಣಕೈ ತನಕ ಒದ್ದೆ, ಒಂದು, ಎರಡು, ಮೂರು, ನಾಲ್ಕು, ಹಿತ್ತಾಳೆಯ ಬಾಯಿ, ಅಂಚಿನಲ್ಲಿ ದಪ್ಪಗಾಗಿ ಜೋತುಬಿದ್ದ ಹನಿ, ಒಂದು, ಎರಡು, ಮೂರು, ನಾಲ್ಕು, ಬೀಳುತ್ತಿಲ್ಲ, ಹನಿ, ಬೀಳುತ್ತಿಲ್ಲ