ಪಂಕ್ತಿಗೆ ಹೋಗದ ಜವೆ

"ಬಗ್ಗೋ ಬೋಳಿಮಗನೆ, ಇನ್ನೂ ಬಗ್ಗು! ವರ್ಷಕ್ಕೊಂದು ಸಲ ತಿನ್ನೋ ಏಟಿಗೂ ಬೆನ್ನು ಹಿಡಿದುಕೊಳ್ತೇನೋ ನಿಂಗೆ?"

ಒಡೆಯ ದಮೋನೀಕ ಬೈಯುವುದನ್ನೇನೋ ಗಟ್ಟಿಯಾಗಿಯೇ ಬೈದ. ಬೆತ್ತ ಮಾತ್ರ ಮೆತ್ತಗೆ ಬಿತ್ತು. ಕಣದ ಅಂಚಿನಲ್ಲಿ ನಿಂತಿದ್ದ ಮಿರ್ತಾಲೆಗೆ ಆಗಲೇ ಅನುಮಾನ ಬಂದಿದ್ದು. ಗಂಡ ಮಿಕ್ಕೋನ ಬೆನ್ನ ಮೇಲೆ ಬಾಸುಂಡೆ ಏಳದ ಸುಗ್ಗಿಯನ್ನು ಅವಳು ಕಂಡಿರಲಿಲ್ಲ. ಅದು ತಪ್ಪು ಮಾಡಿದ್ದಕ್ಕೆ ಬೀಳುವ ಏಟಲ್ಲ. ಹೆಲಟ್ಟರು ತಾವು ಆಳುಗಳೆಂಬುದನ್ನು ಮರೆತುಬಿಟ್ಟಾರು ಅಂತ ಸ್ಪಾರ್ಟಾದ ಒಡೆಯರು ವರ್ಷಕ್ಕೊಮ್ಮೆ ಬಂದು ನೆನಪು ಮಾಡಿಕೊಟ್ಟು ಹೋಗುವ ಪದ್ಧತಿ. ಮಳೆ ತಪ್ಪಿದ ವರ್ಷವೂ ಈ ಏಟು ತಪ್ಪಿರಲಿಲ್ಲ.

ಮಿಕ್ಕೋ ಎದ್ದು, ಕೆಳಗೆ ಬಿದ್ದಿದ್ದ, ಹೆಲಟ್ಟರು ಆಳಿನ ಗುರುತಾಗಿ ಸದಾ ತೊಡಬೇಕಾದ ನಾಯಿತೊಗಲ ಟೊಪ್ಪಿಗೆಯನ್ನು ತಲೆಗೆ ಹಾಕಿಕೊಂಡ. "ಇಷ್ಟೇನಾ ಬುದ್ಧಿ?" ಎಂದು ಕೇಳಿಯೂಬಿಟ್ಟ, ಪೆದ್ದ.

ದಮೋನೀಕ ನಕ್ಕ. ಕಣದ ಕಲ್ಲಿನ ಮೇಲೆ ಕೂತು ನೀರು ಕೇಳಿದ. ಅವರ ಮಡಕೆಯಿಂದಲೇ ಕುಡಿದ. ಅದನ್ನು ನೋಡಿ ಮಿರ್ತಾಲೆಯ ಅನುಮಾನ ಗಟ್ಟಿಯಾಯಿತು. ಹುಲಿ ಹುಲ್ಲು ತಿನ್ನಲು ಬಂದರೆ ದನಗಳು ಹುಷಾರಾಗಬೇಕು.

"ಇನ್ನೊಂದಿಷ್ಟು ಜವೆ ಬೇಕಲ್ಲೋ ಮಿಕ್ಕೋ," ಎಂದ ದಮೋನೀಕ. "ಈ ಮಾತು ಮೂರನೆಯವರ ಕಿವಿಗೆ ಬೀಳಬಾರದು."

ಬಿದ್ದರೆ ಕೆಡುವುದು ಅವನದೇ ಹೆಸರು. ಒಡೆಯನ ಪಾಲು ಎಷ್ಟೆಂಬುದು ಮುತ್ತಾತಂದಿರ ಕಾಲದಲ್ಲೇ ನಿಗದಿಯಾಗಿತ್ತು. ಅದಕ್ಕಿಂತ ಒಂದು ಹಿಡಿ ಹೆಚ್ಚು ಕೇಳಿದವನಿಗೆ ದೇವರ ಶಾಪವೆಂದು ಒಡೆಯರದೇ ಕಟ್ಟಳೆ. ಆದರೆ ಅವರದೇ ಇನ್ನೊಂದು ಕಟ್ಟಳೆಯೂ ಇತ್ತು. ಸ್ಪಾರ್ಟಾದ ಗಂಡಸು ಮನೆಯಲ್ಲಿ ಉಣ್ಣುವ ಹಾಗಿಲ್ಲ. ತಿಂಗಳು ತಿಂಗಳೂ ಜವೆ, ಹೆಂಡ, ಅಂಜೂರ ತಂದು ಸುರಿದು ಹದಿನೈದು ಜನರ ಪಂಕ್ತಿಯಲ್ಲಿ ಕೂತು ಉಣ್ಣಬೇಕು. ತರಲಾಗದವನು ಎದ್ದು ಹೋಗಬೇಕು. ಎದ್ದು ಹೋದವನಿಗೆ ಸಭೆಯಲ್ಲಿ ಮಾತಿಲ್ಲ, ದಂಡಿನಲ್ಲಿ ಸಾಲಿಲ್ಲ, ಸ್ಪಾರ್ಟಾದವನೆಂಬ ಹೆಸರೂ ಇಲ್ಲ. ದಮೋನೀಕನ ಅರ್ಧ ನೆಲ ತಂಗಿಯ ಬಳುವಳಿಯಾಗಿ ಸಿರಿವಂತರ ಮನೆ ಸೇರಿತ್ತು. ಉಳಿದರ್ಧ ಪಂಕ್ತಿಗೆ ಸಾಲುತ್ತಿರಲಿಲ್ಲ. ಅವನ ಅಕ್ಕಪಕ್ಕ ಕೂರುತ್ತಿದ್ದವರು ಆಗಲೇ ಒಬ್ಬೊಬ್ಬರಾಗಿ ಎದ್ದು ಹೋಗಿದ್ದರು.

"ನಾವೇನ್ ಉಣ್ಣನ ಬುದ್ಧಿ?" ಎಂದ ಮಿಕ್ಕೋ.

"ನಿನ್ನ ಮಗನ ಹೆಸರನ್ನ ಐವರ ಮುಂದೆ ಹೇಳ್ತೀನಿ."

ಐವರೆಂದರೆ ಅರಸರೂ ಕಂಡು ಎದ್ದು ನಿಲ್ಲುವ ಐದು ಜನ ಹಿರಿಯರು; ಆಳುಗಳ ಬಿಡುಗಡೆಯೂ ಅವರ ಕೈಯಲ್ಲೇ. ಮಿರ್ತಾಲೆ ಒಂದು ಹೆಜ್ಜೆ ಮುಂದೆ ಬಂದಳು.

"ಮುಂದಿನ ದಂಡಿಗೆ ಥಾಲನನ್ನ ಕರ್ಕೊಂಡು ಹೋಗ್ತೀನಿ. ತಿರುಗಿ ಬಂದ ದಿನ ಬಿಡುಗಡೆ. ಗಡಿಯಲ್ಲಿ ಸ್ವಂತ ನೆಲ. ಅವಳಿ ದೇವರಾಣೆ ಕಣೆ, ನಂಬು."

ನಂಬಿದಳು. ತಾಯಿಯಾದವಳು ಇನ್ನೇನು ಮಾಡಿಯಾಳು?

ಆ ವರ್ಷ ಓಕ್ ಮರದ ಕಾಯಿ ಸುಟ್ಟು ತಿಂದರು. ಮರುವರ್ಷ ಗುಡ್ಡದ ಗೆಡ್ಡೆ ಅಗೆದರು. ಬೆಳೆದ ಜವೆಯೆಲ್ಲ ಕತ್ತೆಯ ಮೇಲೆ ಪಂಕ್ತಿಮನೆಗೆ ಹೋಯಿತು, ಹೊಡೆದುಕೊಂಡು ಹೋಗುತ್ತಿದ್ದವನು ಥಾಲನೇ. ಬರಬರುತ್ತಾ ಅವನ ಪಕ್ಕೆಲುಬುಗಳು ಎದ್ದು ಕಂಡವು. ಮಿಕ್ಕೋ ಮಾತ್ರ ಹಸಿದ ಹೊಟ್ಟೆಯಲ್ಲೂ ತಮಾಷೆ ಬಿಡಲಿಲ್ಲ.

"ನಮ್ ಒಡೇರು ಈಟಿ ಮುಂದೆ ಎದೆ ಕೊಟ್ಟು ನಿಂತ್ಕತಾರೆ ಕಣೆ. ಖಾಲಿ ಚೀಲ ಕಂಡ್ರೆ ಮಾತ್ರ ತೊಡೆ ನಡುಗ್ತವೆ."

"ಸುಮ್ಕಿರು ನೀನು. ಮಗನ್ ತಲೆ ಮ್ಯಾಲಿನ್ ನಾಯಿ ತೊಗಲು ಇಳೀಲಿ ಮೊದ್ಲು."

ಅದು ಇಳಿಯಿತು. ಒಂದು ದಿನ ಚೀಲ ಇಳಿಸಿಕೊಟ್ಟ ಥಾಲ ಪಂಕ್ತಿಮನೆಯ ಹಿತ್ತಿಲಲ್ಲಿ ಧೈರ್ಯ ಮಾಡಿ "ನನ್ ವಿಷ್ಯ ಏನಾಯ್ತು ಬುದ್ಧಿ?" ಎಂದು ಕೇಳಿದನಂತೆ. ದಮೋನೀಕ ಕೈಚಾಚಿ ಅವನ ಟೊಪ್ಪಿಗೆ ಕಿತ್ತು ಕತ್ತೆಯ ಬೆನ್ನ ಮೇಲೆ ಎಸೆದನಂತೆ. "ಇನ್ನು ಇದನ್ನ ಹಾಕ್ಕೋಬೇಡ ಹೋಗು. ಅರ್ಧ ಬಿಡುಗಡೆ ಆಯ್ತು ಅಂದ್ಕೋ." ಖರ್ಚಿಲ್ಲದ ದಾನ. ಕೊಡಲು ಅವನಲ್ಲಿ ಬೇರೇನು ಇತ್ತು?

ಥಾಲ ಬರಿದಲೆಯಲ್ಲಿ ಮನೆಗೆ ಬಂದ. ಹುಬ್ಬಿನವರೆಗೆ ಸುಟ್ಟ ಕಪ್ಪು, ಅದರ ಮೇಲೆ ಬಿಸಿಲೇ ಕಾಣದ ಬಿಳಿ ಹಣೆ. ಮಿರ್ತಾಲೆ ಅವನನ್ನು ಮುಂದೆ ಕೂರಿಸಿಕೊಂಡು ತಲೆ ಬಾಚಿದಳು. ಅವಳಿಗೆ ನಗು ತಡೆಯಲಾಗಲಿಲ್ಲ.

"ಎರಡು ಬಣ್ಣದ್ ಆಡಿನ್ ಮರಿ ಆಗಿದ್ಯಲ್ಲೋ ಮಗ."

ಮಿಕ್ಕೋ ಬಾಗಿಲಲ್ಲೇ ನಿಂತ. "ಹಾಕ್ಕಳ್ಳೋ ಅದ್ನ. ಕತ್ತಿ ಹುಡುಗ್ರು ತಿರುಗ್ತಾವ್ರೆ."

"ಒಡೇರೇ ತೆಗ್ದದ್ದು ಕಣಪ್ಪ."

"ಒಡೇರು ತೆಗ್ದವ್ರೆ ಅಂತ ನಿನ್ ಹಣೆ ಮ್ಯಾಲೆ ಬರ್ದದಾ?"

ಮಿರ್ತಾಲೆ ಮಗನ ಪರ ವಹಿಸಿದಳು. ಇಷ್ಟು ದಿನ ಹೊಟ್ಟೆಗೆ ಬಟ್ಟೆ ಕಟ್ಟಿಕೊಂಡದ್ದು ಈ ತಲೆಗೆ ಗಾಳಿಯಾಡಲೆಂದೇ ಅಲ್ಲವೇ ಎಂದು ಜಗಳವಾಡಿದಳು. ಮಿಕ್ಕೋ ಸೋತ.

ಕತ್ತಿ ಹುಡುಗರೆಂದರೆ ಒಡೆಯರ ಮಕ್ಕಳು. ಗಂಡಸರಾಗುವ ಮುಂಚೆ ಒಂದೊಂದು ಕತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಲಗದ್ದೆಗಳಲ್ಲಿ ಅಡಗಿರುತ್ತಾರೆ. ಸೊಕ್ಕಿದ ಹೆಲಟ್ಟನನ್ನು ಕೊಂದರೆ ಪಾಪವಿಲ್ಲ, ಐವರೇ ಅಪ್ಪಣೆ ಕೊಟ್ಟಿರುತ್ತಾರೆ. ಥಾಲ ಯೂರೊಟಾಸ್ ಹೊಳೆಯ ಜೊಂಡಿನ ಪಕ್ಕದಲ್ಲಿ ಸಿಕ್ಕಿದ. ಕತ್ತೆ ಅಲ್ಲೇ ನಿಂತು ಮೇಯುತ್ತಿತ್ತು. ಬಿಳಿ ಹಣೆ ಇನ್ನೂ ಸರಿಯಾಗಿ ಕಪ್ಪಾಗಿರಲಿಲ್ಲ.

ಹೆಣವನ್ನು ಅದೇ ಕತ್ತೆಯ ಮೇಲೆ ಹಾಕಿಕೊಂಡು ಗಂಡ ಹೆಂಡತಿ ನೇರ ಪಂಕ್ತಿಮನೆಯ ಮುಂದೆ ಬಂದು ನಿಂತರು. ಆ ಹೊತ್ತಿಗೆ ಐವರಲ್ಲಿ ಒಬ್ಬ ಮುದುಕ ಅಲ್ಲೇ ಇದ್ದ. ಮೂಗು ಮುಚ್ಚಿಕೊಂಡು ಹತ್ತಿರ ಬಂದ.

"ಇವನ ಒಡೆಯ ಯಾರು?"

ದಮೋನೀಕ ಹೊರಗೆ ಬಂದ.

"ಹೆಲಟ್ ಬರಿದಲೆಯಲ್ಲಿ ರಾಜಬೀದೀಲಿ ಓಡಾಡ್ತಿದ್ದನಂತೆ. ನೀನು ಹೇಳಿದ್ಯಾ?"

ಆಳನ್ನು ಕೊಬ್ಬಲು ಬಿಟ್ಟ ಒಡೆಯನಿಗೂ ದಂಡವುಂಟು. ದಮೋನೀಕ ಮಿರ್ತಾಲೆಯ ಮುಖ ನೋಡಿದ. ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಅವಳು ಕಾದಳು. ಅವಳಿ ದೇವರಾಣೆ ಇಟ್ಟವನಲ್ಲವೇ.

"ನಾನ್ಯಾಕೆ ಹೇಳಲಿ?" ಎಂದ ದಮೋನೀಕ. "ಸೊಕ್ಕು ಸೂಳೆಮಗನಿಗೆ. ಸುಗ್ಗೀಲಿ ಅಪ್ಪನಿಗೆ ಮೆತ್ತಗೆ ಹೊಡೆದೆ, ಅದೊಂದೇ ನನ್ನ ತಪ್ಪು."

ಮುದುಕ ತಲೆಯಾಡಿಸಿ ಒಳಗೆ ಹೋದ. ಮಿರ್ತಾಲೆಗೆ ಅಳು ಬರಲಿಲ್ಲ. ದಮೋನೀಕ ಕತ್ತೆಯ ಹಗ್ಗ ಸರಿ ಮಾಡುವವನ ಹಾಗೆ ಬಗ್ಗಿ ಪಿಸುಗುಟ್ಟಿದ.

"ಆದದ್ದಾಯ್ತು. ಜವೆ ಮಾತ್ರ ತಪ್ಪಿಸಬೇಡಿ."

ಆಗ ಅವಳು ಅವನನ್ನು ಸರಿಯಾಗಿ ನೋಡಿದಳು. ಅವನ ತುಟಿ ಅದುರುತ್ತಿತ್ತು. ಮಗನನ್ನು ಕಳೆದುಕೊಂಡವಳು ಅವಳು, ಹೆದರಿದವನು ಅವನು.

ಮುಂದಿನ ಸುಗ್ಗಿಗೆ ದಮೋನೀಕ ಬೆತ್ತ ಹಿಡಿದು ಬಂದಾಗ ಕಣದ ನಡುವೆ ಒಲೆ ಉರಿಯುತ್ತಿತ್ತು. ದೊಡ್ಡ ಹಂಡೆಯಲ್ಲಿ ಜವೆ ಗಂಜಿ ಕೊತಕೊತ ಕುದಿಯುತ್ತಿತ್ತು. ಸುತ್ತಲ ಹೊಲಗಳ ಹೆಲಟ್ಟರೆಲ್ಲ, ಹೆಂಗಸರು ಮಕ್ಕಳೂ ಸೇರಿ, ಉದ್ದಕ್ಕೆ ಸಾಲಾಗಿ ಕೂತು ಉಣ್ಣುತ್ತಿದ್ದರು. ಯಾರ ತಲೆಯ ಮೇಲೂ ಟೊಪ್ಪಿಗೆ ಇರಲಿಲ್ಲ. ಸಾಲಿನುದ್ದಕ್ಕೂ ಬಿಳಿ ಹಣೆಗಳು ಬಿಸಿಲಿಗೆ ಹೊಳೆಯುತ್ತಿದ್ದವು.

"ಏನೇ ಇದು, ಮುಂಡೆ?"

"ನನ್ ಮಗನ್ ಹೆಸರ್ನಾಗೆ ಊಟ ಬುದ್ಧಿ. ನಿಮ್ ಕಟ್ಟಳೆ ಪಾಲು ಅಗೋ, ಆ ಚೀಲದಾಗೈತೆ. ಅಳ್ಕೊಳಿ, ಒಂದ್ ಕಾಳು ಕಮ್ಮಿ ಇಲ್ಲ."

ಅವನು ಚೀಲ ನೋಡಿದ, ಹಂಡೆ ನೋಡಿದ. ಅವನ ಪಂಕ್ತಿ, ಅವನ ಸಭೆ, ಅವನಪ್ಪನ ಗುರಾಣಿ ಎಲ್ಲ ಆ ಹಂಡೆಯಲ್ಲಿ ಬೇಯುತ್ತಿದ್ದವು. ಮಕ್ಕಳು ಬೆರಳು ನೆಕ್ಕಿ ನೆಕ್ಕಿ ಖಾಲಿ ಮಾಡುತ್ತಿದ್ದವು.

"ಇವತ್ತೇ ಅಳೆದು ಸುರೀಬೇಕು ಕಣೆ! ಈ ಸಲ ತಪ್ಪಿದ್ರೆ ನನ್ನ..." ದಮೋನೀಕ ಬೆತ್ತವನ್ನು ಸಾಲಿನತ್ತ ಚಾಚಿದ. "ಐವರಿಗೆ ಹೇಳ್ತೀನಿ. ಒಬ್ಬೊಬ್ಬರನ್ನೂ ಸಿಗಿಸ್ತೀನಿ."

"ಹೇಳಿ ಬುದ್ಧಿ," ಎಂದಳು ಮಿರ್ತಾಲೆ. "ಕಟ್ಟಳೆಗಿಂತ ಹೆಚ್ಗೆ ಕೇಳ್ದೆ, ಹೆಲಟ್ ಹೆಂಗ್ಸು ಕೊಡ್ನಿಲ್ಲ ಅಂತ ಹೇಳಿ. ಕತ್ತಿ ಹುಡುಗ್ರು ಬತ್ತಾರೆ, ನಮಗೂ ಗೊತ್ತು. ಅವ್ರು ನಿಮ್ ಪಂಕ್ತಿಗೆ ಜವೆ ತರಾಕಿಲ್ಲ."

ಅವಳು ಒಂದು ಬಟ್ಟಲು ತುಂಬ ಗಂಜಿ ಬಗ್ಗಿಸಿ, ಸಾಲಿನ ಕೊನೆಯಲ್ಲಿ, ಧೂಳಿನಲ್ಲಿ ಇಟ್ಟಳು.

"ಬನ್ನಿ. ಇನ್ಮ್ಯಾಕೆ ಆ ಮನೇಲಿ ನಿಮಗೆ ಎಲ್ಲೈತೆ ಜಾಗ? ಇಲ್ಲೈತೆ, ಕೂತ್ಕಳಿ."

ದಮೋನೀಕನ ಮುಖ ಬಿಳಿಚಿಕೊಂಡಿತು. ಬೆತ್ತ ಎತ್ತಿಕೊಂಡು ಮಿಕ್ಕೋನ ಬೆನ್ನ ಹಿಂದೆ ಬಂದು ನಿಂತ.

"ಬಗ್ಗೋ!"

ಮಿಕ್ಕೋನ ಬಾಯಿ ತುಂಬಿತ್ತು. ಅವಸರ ಮಾಡದೆ ಅಗಿದು ನುಂಗಿದ. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು, ಖಾಲಿ ಬಟ್ಟಲನ್ನು ಹೆಂಡತಿಯ ಕಡೆ ಚಾಚಿದ.

"ಇನ್ನೊಂದಿಷ್ಟು ಹಾಕೆ."